ಐದು ಸಹಿಯ ಹರ್ನಿಯಾ

ಸರಕಾರಿ ಆಸ್ಪತ್ರೆಯಲ್ಲಿ ನಗೆಪಾಟಲಿಗೆ ಯಾರೂ ಕಷ್ಟಪಡಬೇಕಿಲ್ಲ. ಎಲ್ಲರೂ ತಮ್ಮ ತಮ್ಮ ಕೆಲಸ ನಿಯಮದ ಪ್ರಕಾರ ಮಾಡಿದರೆ ಸಾಕು, ದಿನಕ್ಕೊಂದು ಆಗುತ್ತಲೇ ಇರುತ್ತದೆ. ನರ್ಸ್ ಆಗಿ ಸೇಡಂ, ಚಿತ್ತಾಪುರ, ಚಿಂಚೋಳಿ ಎಲ್ಲ ಊರಿನ ನೀರು ಕುಡಿದವಳು ನಾನು. ಇದು ತೊಂಬತ್ತರ ದಶಕದ ಕೊನೆಯ ಮಾತು. ಯಾವ ಊರಿನ ಆಸ್ಪತ್ರೆ ಅಂತ ಮಾತ್ರ ಕೇಳಬೇಡಿ, ಪಿಂಚಣಿ ಮೇಲೆ ಬದುಕಿದ್ದೇನೆ.

೧. ಒಂದೇ ಫೈಲು

ಮೇಲಿನಿಂದ ಆದೇಶ ಬಂತು. ಆಪರೇಷನ್ ರೋಗಿಯನ್ನು ಇನ್ನು ಮುಂದೆ ಸರ್ಜನ್, ಅರಿವಳಿಕೆ ಡಾಕ್ಟರು, ಲ್ಯಾಬಿನವರು, ಅಡುಗೆಮನೆಯವರು, ವಾರ್ಡಿನ ನರ್ಸು ಎಲ್ಲರೂ ಕೂಡಿ ನೋಡಿಕೊಳ್ಳಬೇಕು. ಒಬ್ಬ ರೋಗಿಗೆ ಒಂದೇ ಫೈಲು, ಅದರಲ್ಲಿ ಐವರ ಸಹಿ. ಆ ನರ್ಸು ನಾನೇ. ಉಳಿದ ನಾಲ್ವರನ್ನು ಕೂಡಿಸುವ ಕರ್ಮವೂ ನನ್ನದೇ.

ಮೊದಲ ರೋಗಿ ಒಂದು ಮಠದ ಅಡುಗೆ ಆಚಾರ್ರು. ಅನ್ನದ ಹಂಡೆ ಎತ್ತಿ ಎತ್ತಿ ಹರ್ನಿಯಾ ಆಗಿತ್ತು. ಹಂಡೆ ಎತ್ತಬಹುದು ಎಂದು ಡಾಕ್ಟರ ಚೀಟಿ ತರದಿದ್ದರೆ ಬೇರೆ ಅಡುಗೆಯವರನ್ನು ಇಟ್ಟುಕೊಳ್ಳುತ್ತೇವೆ ಎಂದು ಮಠದ ವ್ಯವಸ್ಥಾಪಕರು ಹೇಳಿಬಿಟ್ಟಿದ್ದರು. ಕೆಲಸ ಹೋದರೆ ಮಠ ಕೊಟ್ಟ ಮನೆಯೂ ಹೋಗುತ್ತಿತ್ತು.

"ಸಿಸ್ಟರ್, ಲಗೂ ಮಾಡಿಸ್ರಿ. ಒಲಿ ಮುಂದ ನಿಲ್ಲೂದು ಬಿಟ್ರ ನನಗ ಬ್ಯಾರೆ ಏನೂ ಬರೂದಿಲ್ಲ," ಎಂದರು.

ಮೊದಲ ಸಭೆ ಕೂಡಿತು. ಆಚಾರ್ರ ಹೊಟ್ಟೆಯ ಮಾತೇ ಬರಲಿಲ್ಲ. ಫೈಲು ಯಾರ ಕಪಾಟಿನಲ್ಲಿ ಇರಬೇಕು ಎಂದು ಎರಡು ತಾಸು ಜಗಳ. ಕೊನೆಗೆ ಆಸ್ಪತ್ರೆಯ ಮುಖ್ಯಸ್ಥರಾದ ದೊಡ್ಡ ಡಾಕ್ಟರ ಕಪಾಟು ಎಂದಾಯಿತು. ಅವರು ಕೀಲಿಕೈ ಕಿಸೆಗೆ ಹಾಕಿಕೊಂಡು ಹದಿನೈದು ದಿನ ರಜೆ ಹೋದರು.

೨. ಪಾರಣೆ

ಕೀಲಿಕೈ ಬಂದ ಮೇಲೆ ದಿನ ಗೊತ್ತಾಯಿತು. ಹಿಂದಿನ ದಿನ ನಾನು, "ನಾಳೆ ಹೊಟ್ಟಿ ಖಾಲಿ ಇರಬೇಕ್ರಿ ಆಚಾರ್ರ," ಎಂದೆ.

ಅವರು ನಕ್ಕರು. "ಇವತ್ತು ಏಕಾದಶಿ ಅದರಿ. ನೀರೂ ಮುಟ್ಟಿಲ್ಲ. ಇದನ್ನ ನನಗ ಹೇಳಿಕೊಡಬ್ಯಾಡ್ರಿ."

ನಾನು ನಿಶ್ಚಿಂತಳಾದೆ. ಮರುದಿನ ಸರ್ಜನ್ನೂ ಬಂದರು, ಅರಿವಳಿಕೆ ಡಾಕ್ಟರೂ ಬಂದರು. ಇಬ್ಬರೂ ಒಂದೇ ದಿನ ಬಂದದ್ದು ನಾನು ಕಂಡದ್ದೇ ಕಡಿಮೆ. ಓಡಿ ವಾರ್ಡಿಗೆ ಹೋದರೆ ಆಚಾರ್ರು ಎಲೆ ಮುಂದೆ ಕೂತು ಮಜ್ಜಿಗೆ ಅನ್ನ ಮುಗಿಸುತ್ತಿದ್ದಾರೆ!

"ಏನ್ ಮಾಡ್ಲಿಕತ್ತೀರಿ?" ಎಂದು ಚೀರಿದೆ.

"ದ್ವಾದಶಿ ಪಾರಣಿ ಬಿಡ್ಲಿಕ್ಕೆ ಬರ್ತದೇನ್ರಿ? ಮುಂಜಾನೆ ಲಗೂ ಉಣ್ಣಲಿಲ್ಲಂದ್ರ ನಿನ್ನಿ ಉಪಾಸ ಎಲ್ಲಾ ವ್ಯರ್ಥ."

ತಪ್ಪು ನನ್ನದೇ. ಏಕಾದಶಿ ಕೇಳಿಸಿಕೊಂಡವಳು ಮರುದಿನದ ದ್ವಾದಶಿ ಮರೆತಿದ್ದೆ. ಸರ್ಜನ್ ಬೈದುಕೊಂಡು ಹೋದರು. ಹಸಿದು ಬಂದಿದ್ದ ಅರಿವಳಿಕೆ ಡಾಕ್ಟರು ಮಾತ್ರ ಆಚಾರ್ರ ಹೆಂಡತಿ ತಂದ ಡಬ್ಬಿಯಲ್ಲಿ ಉಳಿದದ್ದನ್ನು ಉಂಡು, "ಪಲ್ಯ ಭಾಳ ಛಲೋ ಅದ," ಎಂದು ಕೈ ತೊಳೆದರು.

೩. ಕಾಲಮ್ಮು

ಮುಂದಿನ ಸಲ ದ್ವಾದಶಿ ತಪ್ಪಿಸಿಯೇ ದಿನ ಇಟ್ಟೆವು. ಅರಿವಳಿಕೆ ಡಾಕ್ಟರು ಕಲಬುರಗಿಯಿಂದ ರೈಲಿನಲ್ಲಿ ವಾಡಿಗೆ ಬರುವುದು, ಅಲ್ಲಿಂದ ನಮ್ಮ ಜೀಪು ಕರೆತರುವುದು ಪದ್ಧತಿ. ಅವರು ಬಂದರು. ಜೀಪು ಮಕ್ಕಳ ಲಸಿಕೆಗೆಂದು ಹಳ್ಳಿಗೆ ಹೋಗಿತ್ತು. ಮಧ್ಯಾಹ್ನದ ತನಕ ಪ್ಲಾಟ್‌ಫಾರ್ಮಿನಲ್ಲಿ ಕೂತು, ಬಂದ ರೈಲು ಹಿಡಿದು ವಾಪಸು ಹೋದರು. ಇಲ್ಲಿ ಆಚಾರ್ರು ಥಿಯೇಟರಿನ ಹಸಿರು ಬಟ್ಟೆ ತೊಟ್ಟು, ಹಸಿದ ಹೊಟ್ಟೆಯಲ್ಲಿ ಮಧ್ಯಾಹ್ನದವರೆಗೆ ಮಲಗಿದ್ದರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಆಪರೇಷನ್ ಯಾಕೆ ಆಗಲಿಲ್ಲ ಎಂದು ಫೈಲಿನಲ್ಲಿ ಬರೆಯಬೇಕಲ್ಲ. ಗುಮಾಸ್ತ ಹಾಳೆ ತಿರುವಿ ಹೇಳಿದ: "ಜೀಪಿಗೆ ಕಾಲಮ್ಮಿಲ್ರಿ, ರೈಲಿಗೂ ಇಲ್ಲ. ರೋಗಿಗೆ ಒಂದು ಅದ."

ಹೀಗಾಗಿ, 'ರೋಗಿ ಸಹಕರಿಸಲಿಲ್ಲ' ಎಂದು ಬರೆಯಲಾಯಿತು.

೪. ತಪಾಸಣೆ

ಹೊಸ ವ್ಯವಸ್ಥೆ ನೋಡಲು ಜಿಲ್ಲೆಯಿಂದ ಸಾಹೇಬರು ಬರುತ್ತಾರೆಂದು ಸುದ್ದಿ ಬಂತು. ಅರ್ಧಕ್ಕೆ ನಿಂತ ಫೈಲುಗಳೆಲ್ಲ ಮುಗಿಯಬೇಕೆಂದು ದೊಡ್ಡ ಡಾಕ್ಟರು ಗದರಿದರು. 'ಆಪರೇಷನ್ ಆಯಿತು' ಎಂಬ ಹಾಳೆಗೆ ಮೊದಲು ಲ್ಯಾಬಿನವರು ಸಹಿ ಹಾಕಿದರು. ಅದನ್ನು ನೋಡಿ ಅಡುಗೆಮನೆಯವರು, ಅವರನ್ನು ನೋಡಿ ಅರಿವಳಿಕೆಯವರು, ಆಮೇಲೆ ಸರ್ಜನ್. ಕೊನೆಗೆ ನಾನೂ ಹಾಕಿದೆ. ಹಾಕಬಾರದಿತ್ತು. ಇವತ್ತಿಗೂ ಆ ಕೈ ಮೇಲೆ ನನಗೆ ಸಿಟ್ಟಿದೆ.

ಸಾಹೇಬರು ಬಂದ ದಿನವೇ ಆಚಾರ್ರು ತಮ್ಮ ಪಾಳಿ ಬಂತೇನೋ ಎಂದು ಖಾಲಿ ಹೊಟ್ಟೆಯಲ್ಲಿ ಬಂದು ಕೂತಿದ್ದರು. ಫೈಲು ನೋಡಿದ ಸಾಹೇಬರು ರೋಗಿಯನ್ನು ಕರೆಸಿದರು. ಧೋತರ ಸ್ವಲ್ಪ ಸರಿಸಿ ಬಗ್ಗಿ ನೋಡಿದರು.

"ಅರೆ! ಹೊಲಿಗಿ ಗುರುತು ಸುದ್ಧಾ ಇಲ್ಲಲ್ರಿ! ತಾಲ್ಲೂಕಿನಾಗ ಇಷ್ಟು ನಾಜೂಕು ಕೆಲಸ!" ಎಂದು ಸರ್ಜನ್ನರ ಬೆನ್ನು ತಟ್ಟಿದರು. ಎಲ್ಲರೂ ಚಪ್ಪಾಳೆ ಹೊಡೆದರು.

ಸಾಹೇಬರ ಜೀಪು ಹೋದ ಮೇಲೆ ಆಚಾರ್ರು ಮೆಲ್ಲಗೆ ಕೇಳಿದರು: "ಮತ್ತ ನಂದು ಯಾವಾಗ ಮಾಡ್ತೀರಿ?"

"ನಿಮ್ಮದು ಆಗ್ಯದಲ್ಲ! ಫೈಲಿನಾಗ ಆಗಿದ್ದನ್ನ ಎರಡನೇ ಸಲ ಮಾಡ್ಲಿಕ್ಕೆ ಬರೂದಿಲ್ಲ," ಎಂದ ದೊಡ್ಡ ಡಾಕ್ಟರು, ಉಪಕಾರ ಮಾಡುವವರಂತೆ ಅಲ್ಲೇ ಚೀಟಿ ಬರೆದು ಕೊಟ್ಟರು: ಸಂಪೂರ್ಣ ಗುಣವಾಗಿದ್ದಾರೆ, ಎಂಥ ಭಾರವನ್ನಾದರೂ ಎತ್ತಬಹುದು.

ಆಚಾರ್ರು ಒಂದು ಕೈಯಲ್ಲಿ ಹೊಟ್ಟೆ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಚೀಟಿ ತೆಗೆದುಕೊಂಡರು. ಓದಿದರು. ನಮ್ಮ ಐವರನ್ನೂ ಒಬ್ಬೊಬ್ಬರಾಗಿ ನೋಡಿದರು.

"ಭಾಳ ಉಪಕಾರ ಆತ್ರಿ. ಇದನ್ನ ಮಠಕ್ಕ ಒಯ್ದು ಕೊಡ್ತೀನಿ. ನಾಳೆ ಹನ್ನೊಂದಕ್ಕ ಹಂಡೆ ಇಳಸೂದದ. ಸಹಿ ಮಾಡಿದವ್ರು ಐದೂ ಮಂದಿ ಕೂಡೇ ಬಂದು ಕೈ ಹಚ್ರಿ."