ಯಾವ ಪುಸ್ತಕಕ್ಕೆ ಕ್ಯೂ?

ಲೈಬ್ರರಿಯಲ್ಲಿ ಕೆಲಸ ಅಂದ ತಕ್ಷಣ ಜನ ಕೇಳುವ ಪ್ರಶ್ನೆ ಎರಡೇ. ಒಂದು, "ಈಗಲೂ ಯಾರಾದ್ರೂ ಬರ್ತಾರಾ?" ಇನ್ನೊಂದು, "ಯಾವ ಪುಸ್ತಕ ಜಾಸ್ತಿ ಹೋಗುತ್ತೆ?" ಮೊದಲನೆಯದಕ್ಕೆ, "ಬಂದು ನೋಡಿ, ಕೂರೋಕೆ ಕುರ್ಚಿ ಸಿಕ್ಕಿದ್ರೆ ನಿಮ್ಮ ಪುಣ್ಯ" ಅನ್ನುತ್ತೇನೆ. ಎರಡನೆಯದಕ್ಕೆ ಮಾತ್ರ ಒಂದು ಮಾತಿನಲ್ಲಿ ಉತ್ತರ ಹೇಳಲು ಬರುವುದಿಲ್ಲ. ಅರಸೀಕೆರೆ, ಬೇಲೂರು, ಹಳೇಬೀಡು ಅಂತ ಸುತ್ತಿ ಪುಸ್ತಕ ಕೊಟ್ಟು ಪುಸ್ತಕ ತಗೊಂಡವಳು ನಾನು. ಜನ ಯಾವ ಪುಸ್ತಕಕ್ಕೆ ಕ್ಯೂ ನಿಲ್ಲುತ್ತಾರೆ ಅನ್ನುವುದು ಕಣ್ಣಿಗೆ ಕಾಣುತ್ತದೆ. ಯಾಕೆ ನಿಲ್ಲುತ್ತಾರೆ ಅನ್ನುವುದು ಅವರು ಬಾಯಿ ಬಿಟ್ಟ ಮೇಲೇ ಗೊತ್ತಾಗುವುದು. ಅಷ್ಟು ಹೊತ್ತಿಗೆ ನಾನು ನಗು ತಡೆಯಲು ಸೆರಗು ಹುಡುಕುತ್ತಿರುತ್ತೇನೆ. ಇಂಥದ್ದು ಯಾವಾಗಲೋ ಒಂದು ಸಲ ಅಲ್ಲ, ಆಗುತ್ತಲೇ ಇರುತ್ತದೆ.

ಅಡುಗೆ ಪುಸ್ತಕ

ಅರಸೀಕೆರೆಯಲ್ಲಿದ್ದಾಗ ಅಡುಗೆ ಪುಸ್ತಕವೊಂದು ಕಪಾಟಿನಲ್ಲಿ ನಿಂತದ್ದೇ ಇಲ್ಲ. ಅದನ್ನು ಬಿಡದೆ ಒಯ್ಯುತ್ತಿದ್ದವರು ರೈಲ್ವೆಯಿಂದ ನಿವೃತ್ತರಾದ ಯಜಮಾನರೊಬ್ಬರು. ಪಾಪ, ಈ ವಯಸ್ಸಿನಲ್ಲಿ ಹೆಂಡತಿಗೆ ಎಷ್ಟು ಸಹಾಯ ಮಾಡುತ್ತಾರೆ ಅಂದುಕೊಂಡಿದ್ದೆ. ಒಂದು ದಿನ ಆ ಹೆಂಡತಿಯೇ ಬಂದರು.

"ನೋಡಮ್ಮಾ, ನಮ್ಮನೆಯವರಿಗೆ ಇನ್ನು ಆ ಪುಸ್ತಕ ಕೊಡಬೇಡ."

"ಯಾಕಮ್ಮಾ? ಅಡುಗೆ ಮಾಡ್ತಾರಲ್ವಾ?"

"ಅವರು ಮಾಡೋದಾ! ಜೀವನವೆಲ್ಲಾ ರೈಲಿಗೆ ಸಿಗ್ನಲ್ ಕೊಟ್ಟು ಅಭ್ಯಾಸ. ಈಗ ಅಡುಗೆಮನೆ ಬಾಗಿಲಿಗೆ ಕುರ್ಚಿ ಹಾಕ್ಕೊಂಡು ಪುಸ್ತಕ ನೋಡ್ಕೊಂಡು, ಈಗ ಸಾಸಿವೆ ಬಿಡು, ಈಗ ಉರಿ ತಗ್ಗಿಸು ಅಂತ ನನಗೆ ಸಿಗ್ನಲ್ ಕೊಡ್ತಾರೆ. ಮನೆಯಿಂದ ಹೊರಗೆ ಗಮನ ಹೋಗೋ ಅಂಥದ್ದು ಏನಾದ್ರೂ ಕೊಡು."

ಉತ್ತರ ಭಾರತ ಪ್ರವಾಸದ ಪುಸ್ತಕವೊಂದನ್ನು ಹುಡುಕಿ ಕೊಟ್ಟೆ. ಸ್ವಲ್ಪ ದಿನ ಬಿಟ್ಟು ಆಕೆ ಮತ್ತೆ ಬಂದರು. ಮುಖ ಅರಳಿತ್ತು.

"ಕಾಶಿಗೆ ಟಿಕೆಟ್ ಮಾಡಿಸಿದ್ದಾರೆ ಕಣಮ್ಮಾ! ಮದುವೆಯಾದ ಮೇಲೆ ಮೊದಲನೇ ಸಲ ಇಬ್ಬರೇ ಹೋಗ್ತಿರೋದು. ವಾಪಸ್ ಬರೋವರೆಗೂ ನಾನು ಒಲೆ ಮುಂದೆ ನಿಲ್ಲಲ್ಲ."

ಆಮೇಲೆ ಚೀಲದಿಂದ ಹಳೆಯ ಅಡುಗೆ ಪುಸ್ತಕ ತೆಗೆದು ನನ್ನ ಮೇಜಿನ ಮೇಲಿಟ್ಟರು. "ಇದನ್ನ ನಿನ್ನ ಹತ್ರ ಭದ್ರವಾಗಿಟ್ಟುಕೋ. ಪೆಟ್ಟಿಗೆಗೆ ಹಾಕ್ಕೊಳ್ತಿದ್ರು. ಕಾಶಿ ಹೋಟೆಲಿನವರಿಗೆ ಓದಿ ಹೇಳ್ತಾರಂತೆ!"

ಹೆಸರಿನ ಪುಸ್ತಕ

ಅರಸೀಕೆರೆಯಲ್ಲೇ ಇನ್ನೊಂದು ಬೇಡಿಕೆಯ ಪುಸ್ತಕ ಮಕ್ಕಳಿಗೆ ಹೆಸರಿಡುವುದು. ಕಣಕಟ್ಟೆ ಕಡೆಯ ರೈತರೊಬ್ಬರು ಅದನ್ನು ಆಗಾಗ ಕೇಳಿಕೊಂಡು ಬರುತ್ತಿದ್ದರು. ಮೊದಲ ಸಲ ಬಂದಾಗ, "ಮೊಮ್ಮಗುನಾ? ಒಳ್ಳೇದಾಗಲಿ" ಅಂದೆ. ನಕ್ಕರು. ಮುಂದಿನ ಸಲವೂ ಒಳ್ಳೇದಾಗಲಿ ಅಂದೆ. ಮತ್ತೆ ಬಂದಾಗ ನನಗೇ ಗಾಬರಿಯಾಯಿತು.

"ಅಲ್ಲ, ನಿಮ್ಮದು ತುಂಬು ಕುಟುಂಬ ಅನ್ಸುತ್ತೆ?"

"ಮಕ್ಕಳಲ್ಲ ಕಣವ್ವಾ, ನಮ್ಮ ಹಸಗೋಳು ಒಂದರ ಹಿಂದೊಂದು ಕರ ಹಾಕ್ತಾವೆ. ಊರಲ್ಲಿ ಎಲ್ಲಾರ ಮನೆ ಕರಾನೂ ಗೌರಿ, ಇಲ್ಲಾ ಲಕ್ಷ್ಮಿ. ಒಬ್ರು ಕೂಗಿದ್ರೆ ಬೀದಿ ಕರಗಳೆಲ್ಲಾ ಓಡಿ ಬತ್ತವೆ. ಅದಕ್ಕೇ ಹೊಸಾ ಹೆಸ್ರು ನೋಡ್ತಾ ಇವ್ನಿ."

ಅದೇ ಹೊತ್ತಿಗೆ ಗಂಡಸಿ ಊರಿನ ಗಂಡ ಹೆಂಡತಿ ಇಬ್ಬರು ಅದೇ ಪುಸ್ತಕಕ್ಕೆ ಕಾದು ನಿಂತಿದ್ದರು. ಬಹಳ ವರ್ಷ ಕಾದು ಹುಟ್ಟಿದ ಹೆಣ್ಣು ಮಗು, ಹೆಸರಿಗೆ ಎರಡೂ ಮನೆಯವರು ಜಗಳವಾಡಿ ಮಾತು ಬಿಟ್ಟಿದ್ದರಂತೆ. ರೈತರು ತಾವೇ ಪುಸ್ತಕ ಅವರ ಕೈಗೆ ಕೊಟ್ಟು, "ಮೊದ್ಲು ಮಗೀಗೆ ನೋಡಿ, ನಮ್ದೇನು ಅವಸರ ಇಲ್ಲ" ಅಂದರು. ಇಬ್ಬರೂ ಅಲ್ಲೇ ಬೆಂಚಿನ ಮೇಲೆ ಕೂತು ಪುಟ ತಿರುವಿದರು. ಕೊನೆಗೆ ಆ ತಾಯಿಯ ಬೆರಳು ಒಂದು ಕಡೆ ನಿಂತಿತು.

"ತನ್ವಿ! ರೀ, ಇದು ಎಷ್ಟು ಚೆನ್ನಾಗಿದೆ! ಇದಕ್ಕೆ ಎರಡೂ ಕಡೆಯವರು ಒಪ್ತಾರೆ."

ರೈತರು ಸಂಕೋಚದಿಂದ ಹತ್ತಿರ ಹೋಗಿ ಮೆಲ್ಲಗೆ ಹೇಳಿದರು: "ಅದೊಂದು ಬ್ಯಾಡ ತಾಯಿ. ನಮ್ಮನೇಲಿ ಐತೆ. ಒದೀತಾಳೆ."

ಕೊನೆಯ ಪುಟ ಇಲ್ಲದ ಕಾದಂಬರಿ

ಬೇಲೂರಿಗೆ ವರ್ಗವಾದಾಗ ಅಲ್ಲಿ ಪತ್ತೇದಾರಿ ಕಾದಂಬರಿಯೊಂದು ಕೈಯಿಂದ ಕೈಗೆ ಓಡಾಡುತ್ತಿತ್ತು. ಎಸ್ಟೇಟ್ ಬಂಗಲೆಯಲ್ಲಿ ಒಂದು ಕೊಲೆ. ಅನುಮಾನ ವಕೀಲ, ಡಾಕ್ಟರು, ಡ್ರೈವರ್, ಹೀಗೆ ಎಲ್ಲರ ಮೇಲೂ. ಕೊಲೆಗಾರ ಯಾರು ಅಂತ ಹೇಳುವ ಕೊನೆಯ ಹಾಳೆಗಳನ್ನೇ ಯಾರೋ ಪುಣ್ಯಾತ್ಮರು ಹರಿದಿದ್ದರು. ಓದಿದವರೆಲ್ಲಾ ಬಂದು ನನ್ನ ಮೇಲೆ ರೇಗುತ್ತಿದ್ದರು. ತಡೆಯಲಾರದೆ ಹಿಂದೆ ನಾಲ್ಕು ಬಿಳಿ ಹಾಳೆ ಅಂಟಿಸಿ, "ನಿಮಗೆ ಯಾರ ಮೇಲೆ ಅನುಮಾನ, ನೀವೇ ಬರೆಯಿರಿ" ಅಂದೆ.

ಬರೆದೇ ಬರೆದರು. ಪೇಟೆಯ ಟೈಲರ್, ವಕೀಲನೇ ಕೊಲೆಗಾರ ಅಂದ. ಕಾರಣ, ವಕೀಲನ ಕೋಟಿನ ಗುಂಡಿ ಬೇರೆ ಬಣ್ಣದ ದಾರದಲ್ಲಿ ಹೊಲಿದಿತ್ತಂತೆ. ಆಸ್ಪತ್ರೆಯ ನರ್ಸಮ್ಮ, ಡಾಕ್ಟರು ಕೊಟ್ಟ ಇಂಜೆಕ್ಷನ್ನೇ ಸರಿಯಿಲ್ಲ ಅಂತ ಒಂದು ಪುಟ ಬರೆದರು. ನಿವೃತ್ತ ಹೆಡ್‌ಮಾಸ್ತರರು ಕೊಲೆಗಾರನ ತಂಟೆಗೇ ಹೋಗಲಿಲ್ಲ. ಉಳಿದವರ ಕಾಗುಣಿತವನ್ನೆಲ್ಲ ಕೆಂಪು ಇಂಕಿನಲ್ಲಿ ತಿದ್ದಿ, ನರ್ಸಮ್ಮನಿಗೆ 'ಉತ್ತಮ' ಅಂತ ಷರಾ ಹಾಕಿದರು. ಸಂಜೆ ಹೊತ್ತು ಅದೇ ಚರ್ಚೆ. ಎಂದೂ ಪುಸ್ತಕ ಮುಟ್ಟದವರೂ ಬಂದು ಕೂರತೊಡಗಿದರು. ಹಾಳೆ ಸಾಲದೆ ಮತ್ತೆ ಅಂಟಿಸಿದೆ.

ಕೊನೆಗೆ ಎಲ್ಲರ ಸಮಾಧಾನಕ್ಕೆ ಎಲ್ಲಿಂದಲೋ ಪೂರ್ತಿ ಇರುವ ಪ್ರತಿ ತರಿಸಿದೆ. ಮೊದಲು ಟೈಲರ್ ಒಯ್ದ. ಮಾರನೆಯ ದಿನವೇ ತಂದು ಮೇಜಿನ ಮೇಲೆ ಕುಕ್ಕಿದ.

"ಏನಾಯ್ತು? ಕೊಲೆಗಾರ ಯಾರಂತೆ?"

"ಡ್ರೈವರ್ ಅಂತೆ! ಬಿಡಿ ಮೇಡಂ, ಇದನ್ನ ಬರೆದೋರಿಗೆ ಕಥೆನೇ ಸರಿಯಾಗಿ ಗೊತ್ತಿಲ್ಲ."

ನನ್ನ ಕನ್ನಡಕ

ಹಳೇಬೀಡಿನಲ್ಲಿ ಅತಿ ಹೆಚ್ಚು ಎರವಲು ಹೋದದ್ದು ಪುಸ್ತಕವಲ್ಲ, ನನ್ನ ಕನ್ನಡಕ. ಬೆಳಿಗ್ಗೆ ಪೇಪರ್ ಓದಲು ಬರುವ ಹಿರಿಯರು, "ಮರೆತು ಬಂದೆ ಮೇಡಂ, ಒಂದೇ ನಿಮಿಷ" ಅಂತ ಶುರು ಮಾಡಿದರು. ಅದು ಮೇಜಿನ ಸುತ್ತ ಒಬ್ಬರಿಂದ ಒಬ್ಬರಿಗೆ ಹೋಗಿ ವಾಪಸ್ ಬರುವಷ್ಟರಲ್ಲಿ ನನ್ನ ಕಾಫಿ ಆರಿರುತ್ತಿತ್ತು. ಕಾಣದೆ ನಾನು ವ್ಯವಸಾಯದ ಪುಸ್ತಕ ಕೇಳಿದವರಿಗೆ ವ್ಯಾಕರಣ ಕೊಟ್ಟು ಕಳಿಸಿದ್ದೂ ಉಂಟು. ಕೊನೆಗೆ ಅದೇ ನಂಬರಿನ ಇನ್ನೊಂದು ಕನ್ನಡಕ ತಂದು, ದಾರ ಕಟ್ಟಿ ಪೇಪರ್ ಮೇಜಿಗೆ ಇಟ್ಟೆ.

ಎರಡು ದಿನ ನೆಮ್ಮದಿ. ಆಮೇಲೆ ತೆಂಗಿನ ತೋಟದ ಯಜಮಾನರೊಬ್ಬರು ಎದ್ದು ಬಂದರು.

"ನಿಮ್ಮದೇ ಕೊಡಿ ಮೇಡಂ."

"ಅಲ್ಲಿ ಹೊಸದಿದೆಯಲ್ಲ?"

"ಐತೆ. ಆದ್ರೆ ಅದ್ರಲ್ಲಿ ಕೊಬ್ಬರಿ ರೇಟು ಕಮ್ಮಿ ಕಾಣ್ತೈತೆ."

ರೈಲು ಸೇರಿತಾ?

ಈಗ ನಿಜವಾಗಿ ಜನ ಮುಗಿಬೀಳುವ ಪುಸ್ತಕಕ್ಕೆ ಬರುತ್ತೇನೆ. ಅದು ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವ ದಪ್ಪ ಗೈಡು. ಹಳೇಬೀಡಿನಲ್ಲಿ ಅದಕ್ಕೆ ಹುಡುಗ ಹುಡುಗಿಯರ ಸಾಲೇ ಇರುತ್ತಿತ್ತು. ಆ ಸಾಲಿನಲ್ಲಿ ಒಂದು ದಿನ ಜಾವಗಲ್ ಕಡೆಯ ಅಜ್ಜಿಯೊಬ್ಬರು ಬಂದು ನಿಂತರು. ವಾರಕ್ಕೊಮ್ಮೆ ಇಲ್ಲಿನ ಹೋಟೆಲಿಗೆ ಬೆಣ್ಣೆ ಹಾಕಲು ಬಸ್ಸಿನಲ್ಲಿ ಬರುವವರು.

ಹಿಂದಿದ್ದವನೊಬ್ಬ, "ಏನಜ್ಜಿ, ತಹಶೀಲ್ದಾರ್ ಆಗ್ತೀಯಾ?" ಅಂದ.

"ಯಾಕ್ಲಾ, ಆಗಬಾರ್ದಾ? ಸುಮ್ಕೆ ನಿಂತ್ಕೊ."

ನನ್ನ ಹತ್ತಿರ ಬಂದು ಗುಟ್ಟು ಹೇಳಿದರು. ಸೊಸೆ ಡಿಗ್ರಿ ಓದಿದವಳು, ಪರೀಕ್ಷೆ ಕಟ್ಟಬೇಕು ಅಂತ ಆಸೆ. ಆದರೆ ಅವಳು ಪುಸ್ತಕ ಹಿಡಿದು ಕೂತರೆ ಮಾವನಿಗೆ ಸಿಟ್ಟು. ಅದಕ್ಕೆ ಅಜ್ಜಿ, "ನನಗೆ ಕಣ್ಣು ಕಾಣಲ್ಲ, ದಿನಾ ಮಧ್ಯಾಹ್ನ ಸೊಸೆ ನನಗೆ ಕತೆ ಓದಿ ಹೇಳ್ಬೇಕು" ಅಂತ ಹಟ ಹಿಡಿದಿದ್ದರು. ಹೆಂಡತಿಯ ಆಸೆಗೆ ಅಡ್ಡ ಬರಲು ಯಜಮಾನರಿಗೆ ಧೈರ್ಯವಿಲ್ಲ. ಗೈಡಿಗೆ ಕ್ಯಾಲೆಂಡರ್ ಹಾಳೆಯ ದೇವರ ಪಟದ ಹೊದಿಕೆ ಹಾಕಿ ಕೊಟ್ಟೆ.

ಮುಂದಿನ ವಾರ ಅಜ್ಜಿ ಬಂದರು. ಮುಖ ಬಾಡಿತ್ತು.

"ಯಾಕಜ್ಜಿ, ಸೊಸೆ ಓದ್ತಿಲ್ವಾ?"

"ಗಟ್ಟಿಯಾಗೇ ಓದ್ತಾವ್ಳೆ. ನನಗೇ ಸಂಕಟ. ಒಂದು ರೈಲು ಆ ಕಡೆಯಿಂದ ಬತ್ತಾ ಐತೆ, ಇನ್ನೊಂದು ಈ ಕಡೆಯಿಂದ ಬತ್ತಾ ಐತೆ, ಎದುರುಬದುರು! ಜೀವ ಬಾಯಿಗೆ ಬಂತು. ಅಷ್ಟ್ರಲ್ಲಿ ಇವ್ಳು ಪುಟ ಮಗುಚಿ ಬೇರೆ ಕತೆ ಎತ್ಕೊಂಡ್ಳು. ಆ ರೈಲಲ್ಲಿದ್ದೋರ ಗತಿ ಏನಾಯ್ತು ತಾಯಿ?"

"ಏನೂ ಆಗಲ್ಲ ಅಜ್ಜಿ. ಎರಡೂ ಬೇರೆ ಬೇರೆ ಹಳಿ."

"ಹಂಗಂತ ಬರೀಬಾರ್ದಾ!" ಅಂದು ನಿಟ್ಟುಸಿರು ಬಿಟ್ಟರು. "ಆಮೇಲೆ ಒಂದು ತೊಟ್ಟಿ. ಒಂದು ನಲ್ಲಿ ನೀರು ತುಂಬ್ತೈತೆ, ಇನ್ನೊಂದು ಖಾಲಿ ಮಾಡ್ತೈತೆ. ಯಾರ ಮನೇದೋ ಏನೋ. ಒಬ್ರಾದ್ರೂ ಎದ್ದೋಗಿ ಆ ನಲ್ಲಿ ಮುಚ್ಚಬಾರ್ದಾ?"

ಹೀಗೆ ಆ ವರ್ಷವೆಲ್ಲಾ ಅಜ್ಜಿ ಬಂದರು. ಸೊಸೆ ಓದುತ್ತಿದ್ದಳು, ಅಜ್ಜಿ ಕೊರಗುತ್ತಿದ್ದರು. ನಾನು ಪ್ರತಿ ವಾರ ಯಾರನ್ನಾದರೂ ಅಪಾಯದಿಂದ ಪಾರು ಮಾಡಿ ಕಳಿಸುತ್ತಿದ್ದೆ.

ಒಂದು ದಿನ ಅಜ್ಜಿ ಬೆಣ್ಣೆಯ ಜೊತೆ ಮೈಸೂರು ಪಾಕಿನ ಡಬ್ಬ ಹಿಡಿದು ಬಂದರು. ಸೊಸೆಗೆ ಕ್ಲರ್ಕ್ ಕೆಲಸ ಸಿಕ್ಕಿತ್ತು. ಕ್ಯೂನಲ್ಲಿದ್ದ ಮಕ್ಕಳಿಗೆಲ್ಲಾ ತಾವೇ ಸಿಹಿ ಹಂಚಿ, "ನಿಮಗೂ ಆಯ್ತದೆ, ಓದ್ರಲಾ" ಅಂದರು. ನನ್ನ ಕಣ್ಣು ತುಂಬಿ ಬಂತು. ಆಗ ನೋಡಿದರೆ ಅಜ್ಜಿಯ ಹಿಂದೆ ಪಂಚೆ ಉಟ್ಟ ಹಿರಿಯರೊಬ್ಬರು ಆ ಗೈಡನ್ನು ಎದೆಗವಚಿ ನಿಂತಿದ್ದಾರೆ. ಅವರೇ ಯಜಮಾನರು.

"ವಾಪಸ್ ಕೊಡೋಕೆ ಬಂದ್ರಾ?" ಅಂತ ಕೈ ಚಾಚಿದೆ. ಅವರು ಹಿಂದೆ ಸರಿದರು.

"ಇನ್ನೊಂದು ಸಲ ಬರ್ಕೊಳ್ಳಿ ಮೇಡಂ. ಸೊಸೆ ಆಫೀಸಿಗೆ ಹೋಗ್ತಾಳೆ. ಇನ್ಮೇಲೆ ಇವ್ಳಿಗೆ ನಾನೇ ಓದಿ ಹೇಳ್ತೀನಿ."

"ನಿಮಗೆ ಎಲ್ಲಾ ಗೊತ್ತಿತ್ತಾ?"

"ದಿನಾ ಬಾಗಿಲ ಹಿಂದೆ ಕೂತು ಕೇಳ್ತಿದ್ದೆ" ಅಂತ ನಾಚಿಕೊಂಡರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಮಡಿಸಿದ್ದ ಒಂದು ಪುಟ ಬಿಚ್ಚಿ, ದನಿ ತಗ್ಗಿಸಿದರು.

"ಒಂದು ಮಾತ್ರ ಬಗೆಹರೀಲಿಲ್ಲ ಮೇಡಂ. ಇಲ್ಲಿ ಅಪ್ಪನ ವಯಸ್ಸು ಮಗನಿಗಿಂತ ಮೂರು ಪಟ್ಟು ಅಂತ ಬರೆದವ್ರೆ. ಐದು ವರ್ಷ ಆದ್ಮೇಲೆ ಎಷ್ಟಾಗುತ್ತೆ ಅಂತಾನೂ ಕೇಳವ್ರೆ. ಎಲ್ಲಾ ಸರಿ. ಜಮೀನು ಇನ್ನೂ ಅಪ್ಪನ ಹೆಸರಲ್ಲೇ ಐತಾ, ಮಗನ ಹೆಸರಿಗೆ ಮಾಡವ್ನಾ, ಅದನ್ನೇ ಬರೆದಿಲ್ವಲ್ಲ?"