ನೀಲಿ ಗೆರೆಯ ಮಹಾಶಯರಿಗೆ, ನಲವತ್ತೆರಡು ಹೆಂಗಸರ ಪರವಾಗಿ

ಮಾನ್ಯರೇ,

ನಮ್ಮ ಕಚೇರಿಯ ಕಂಪ್ಯೂಟರಿನೊಳಗೆ ವಾಸವಾಗಿದ್ದು, ನಾನು ಟೈಪು ಮಾಡಿದ ಇಂಗ್ಲಿಷ್ ವಾಕ್ಯಗಳ ಕೆಳಗೆಲ್ಲ ಅಂಕುಡೊಂಕು ನೀಲಿ ಗೆರೆ ಎಳೆಯುವ ವ್ಯಾಕರಣ ಪರೀಕ್ಷಕರಾದ ತಮಗೆ, ಈ ಬಟ್ಟೆ ಹೊಲಿಯುವ ಕಾರ್ಖಾನೆಯ ಟೈಪಿಸ್ಟ್ ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಊಟ, ನಿದ್ದೆ, ಬಹಿರ್ದೆಸೆ ಯಾವುದರ ಹಂಗೂ ಇಲ್ಲದವರು ಕ್ಷೇಮವಾಗಿರದೆ ಇನ್ನೇನು!

ನನ್ನ ದೂರು ಆ ಮೂರನೆಯದರ ಬಗ್ಗೆಯೇ. ನಮ್ಮ ಹೊಲಿಗೆ ಹಾಲ್‌ನಲ್ಲಿ ಹೆಂಗಸರು ನಲವತ್ತೆರಡು, ಶೌಚಾಲಯ ಒಂದು. ಕಾಲರ್ ಕೂರಿಸುವ ನನ್ನ ತಂಗಿಯೂ ಅವರಲ್ಲೊಬ್ಬಳು. ಅವಳಿಗೀಗ ಏಳು ತಿಂಗಳು. ಸಾಲಿನಲ್ಲಿ ನಿಂತೂ ನಿಂತೂ ಕಾಲು ಬಾತುಕೊಂಡಿವೆ. ಮತ್ತೆ ಹೋಗಬೇಕಾದೀತೆಂದು ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಹೀಗಾದರೆ ಮಗುವಿಗೆ ಕಷ್ಟ ಎಂದು ಡಾಕ್ಟರಮ್ಮ ಬೈದು ಕಳಿಸಿದ್ದರು. ಇನ್ನೊಂದು ಕಟ್ಟಿಸಿಕೊಡಿ ಎಂದು ಹೆಡ್ ಆಫೀಸಿಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಹೋಗಬೇಕಿತ್ತು, ಅಷ್ಟೇ. ಆದರೆ ನಮ್ಮ ಮ್ಯಾನೇಜರ್ ಸಾಹೇಬರು ಪತ್ರ ಓದುವವರಲ್ಲ, ಗೆರೆ ನೋಡುವವರು. “ಗೆರೆ ಇದೆಯಾ? ಹಾಗಾದ್ರೆ ಸೈನ್ ಇಲ್ಲಮ್ಮ” ಎನ್ನುವುದು ಅವರು ಬಹಳ ವರ್ಷಗಳಿಂದ ನಡೆಸಿಕೊಂಡು ಬಂದ ವ್ರತ.

‘ಸ್ಟಾಫ್ ಆರ್ ವೇಟಿಂಗ್’ ಎಂದು ಬರೆದೆ. ಗೆರೆ! ಎಷ್ಟೇ ಜನರಿದ್ದರೂ ಸ್ಟಾಫ್ ಎಂದರೆ ಒಂದೇ, ‘ಇಸ್’ ಹಾಕು ಎಂದಿರಿ. ನಲವತ್ತೆರಡು ಜನರನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಒಬ್ಬರನ್ನಾಗಿಸಿದ ತಮ್ಮ ಮಹಿಮೆಯನ್ನು ಏನೆಂದು ಹೊಗಳಲಿ! ಅದೇ ಕೈಯಲ್ಲಿ ಅವರೆಲ್ಲರಿಗೂ ಸೇರಿ ಒಂದೇ ಮೂತ್ರಕೋಶವನ್ನೂ ದಯಪಾಲಿಸಿದ್ದರೆ ಪತ್ರದ ಅಗತ್ಯವೇ ಇರುತ್ತಿರಲಿಲ್ಲ. ‘ಎ ನಂಬರ್ ಆಫ್ ವಿಮೆನ್ ಇಸ್’ ಎಂದೆ. ಅಲ್ಲಿ ‘ಆರ್’ ಬೇಕಂತೆ. ಸರಿಯಪ್ಪಾ ಎಂದು ‘ದಿ ನಂಬರ್’ ಮಾಡಿ ‘ಆರ್’ ಇಟ್ಟರೆ, ಈಗ ‘ಇಸ್’ ಬೇಕಂತೆ! ಅತ್ತ ದರಿ, ಇತ್ತ ಪುಲಿ. ‘ಟ್ವೆಂಟಿ ಮಿನಿಟ್ಸ್ ಆರ್ ಟೂ ಲಾಂಗ್’ ಎಂದರೆ ಅದಕ್ಕೂ ಗೆರೆ. ಇಪ್ಪತ್ತು ನಿಮಿಷ ತಮ್ಮ ಶಾಸ್ತ್ರದಲ್ಲಿ ಒಂದೇ ಗಂಟು. ಹೊಟ್ಟೆ ಹಿಡಿದುಕೊಂಡು ಬಾಗಿಲ ಮುಂದೆ ನಿಂತವಳಿಗೆ ಇಪ್ಪತ್ತೂ ಬೇರೆ ಬೇರೆ, ಸ್ವಾಮೀ. ಒಮ್ಮೆ ತಾವೂ ಬಂದು ನಿಂತು ನೋಡಿ. ಕಾಲಿಲ್ಲ ಎಂಬ ನೆವ ಬೇಡ, ಸ್ಟೂಲು ಕೊಡುತ್ತೇವೆ.

ಆರು ದಿನ ಹೆಣಗಿ ಸುಸ್ತಾಗಿ, ಗೆರೆ ಬಿದ್ದ ವಾಕ್ಯಗಳನ್ನೆಲ್ಲ ಅಳಿಸುತ್ತಾ ಹೋದೆ. ಕೊನೆಗೆ ಉಳಿದವು ಎರಡು: ನಮ್ಮಲ್ಲಿ ಒಂದು ಶೌಚಾಲಯವಿದೆ, ಧನ್ಯವಾದಗಳು. “ಆಹಾ, ಎಷ್ಟು ನೀಟಾಗಿದೆ!” ಎಂದು ಸಾಹೇಬರು ಸೈನ್ ಹಾಕಿದರು. ತಪ್ಪು ನನ್ನದೂ ಹೌದು. ಅಷ್ಟು ಹೊತ್ತಿಗೆ ನನಗೂ ಗೆರೆ ಹೋದರೆ ಸಾಕಾಗಿತ್ತು. ಹೆಡ್ ಆಫೀಸಿನಿಂದ ಸಂತೋಷ ವ್ಯಕ್ತಪಡಿಸಿ ಉತ್ತರ ಬಂತು. ಗಾಯಕ್ಕೆ ಉಪ್ಪು ಸವರಿದಂತೆ ಅದನ್ನು ನೋಟಿಸ್ ಬೋರ್ಡಿಗೂ ಅಂಟಿಸಿದರು. ಅದನ್ನು ಓದಿದ ತಂಗಿ ಮತ್ತೆ ಹೋಗಿ ಸಾಲಿನ ಕೊನೆಯಲ್ಲಿ ನಿಂತಳು. ನಾಚಿಕೆಯಿಂದ ನನಗೆ ಮುಖವೆತ್ತಲಾಗಲಿಲ್ಲ.

ಮೊನ್ನೆ ಮಧ್ಯಾಹ್ನ ಅವಳು ಸಾಲು ಬಿಟ್ಟು ನೇರವಾಗಿ ಸಾಹೇಬರ ಕೊಠಡಿಗೆ ನಡೆದಳು. “ಸರ್, ಸ್ವಲ್ಪ ಕುರ್ಚಿ ಸರಿಸಿ” ಎಂದವಳೇ ಅವರ ಸ್ವಂತ ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡಳು. ಹಿಂದೆಯೇ ಉಳಿದ ನಲವತ್ತೊಂದು ಜನರೂ ಬಂದು ಸಾಲು ನಿಂತರು. ಮೂರು ಗಂಟೆಯ ಹೊತ್ತಿಗೆ ಸಾಹೇಬರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ನನ್ನ ಮೇಜಿಗೆ ಬಂದು ಹೆಡ್ ಆಫೀಸಿಗೆ ಇನ್ನೊಂದು ಪತ್ರವನ್ನು ತಾವೇ ಹೇಳಿ ಬರೆಸಿದರು. ‘ಐ ಆಮ್ ವೇಟಿಂಗ್’ ಎಂದು ಶುರುವಾಗಿ ‘ಐ ಕೆನಾಟ್ ವೇಟ್’ ಎಂದು ಮುಗಿದ ಆ ಪತ್ರದಲ್ಲಿ ತಮಗೆ ಒಂದೇ ಒಂದು ತಪ್ಪೂ ಕಾಣಲಿಲ್ಲ. ಮರುದಿನ ಬೆಳಿಗ್ಗೆ ಗಾರೆಯವರು ಬಂದು ಅಳತೆ ತೆಗೆದುಕೊಂಡು ಹೋದರು. ನಲವತ್ತೆರಡು ಜನರ ಸಂಕಟವನ್ನು ಆರು ದಿನ ತಿದ್ದಿಸಿ, ಒಬ್ಬರ ಅವಸರವನ್ನು ಒಂದೇ ಸಲಕ್ಕೆ ಒಪ್ಪಿದ ತಮ್ಮ ನ್ಯಾಯಕ್ಕೆ ಶರಣು.

ಇನ್ನು ಮುಂದಾದರೂ ನಮ್ಮನ್ನು ಒಬ್ಬೊಬ್ಬರಾಗಿ ಎಣಿಸಬೇಕೆಂದು ಬೇಡುವ,

ತಮ್ಮ ವಿಶ್ವಾಸಿ,
ಟೈಪು ಮೇಜಿನ ಅಕ್ಕ

ತಾ.ಕ.: ಹೊಸದು ಕಟ್ಟಿ ಮುಗಿಯುವವರೆಗೆ ಸಾಹೇಬರ ಶೌಚಾಲಯದ ಕೀಲಿ ತಂಗಿಯ ಹತ್ತಿರವೇ ಇರುತ್ತದೆ. ಅವಳೀಗ ಹೊಟ್ಟೆ ತುಂಬ ನೀರು ಕುಡಿಯುತ್ತಾಳೆ. ತಮಗೆಂದಾದರೂ ಅವಸರವಾದರೆ ಧಾರಾಳವಾಗಿ ಬನ್ನಿ; ಸಾಹೇಬರ ಹಿಂದೆ ನಿಲ್ಲಬೇಕಾಗುತ್ತದೆ, ಅಷ್ಟೇ.