ಪ್ರೇಮಿಗಳ ದೀನ

ಊಟದ ಡಬ್ಬಿಯ ಮುಚ್ಚಳಕ್ಕೆ ಟೇಪು ಹಾಕಿ ಅಂಟಿಸಿದ್ದ ಚೀಟಿಯನ್ನು ಪರಕ್ಕನೆ ಕಿತ್ತು ಓದಿದ ದೀರ್ಘಪ್ಪನಿಗೆ ಮೊದಲು ಬಂದದ್ದು ಸಿಟ್ಟು, ಆಮೇಲೆ ಬಂದದ್ದು ಬೆವರು. ಬೆಳಗಿನ ಪಾಳಿಗೆಂದು ಇವನು ಏಳುವ ಮೊದಲೇ ಆಸ್ಪತ್ರೆಗೆ ಹೊರಟುಹೋಗಿದ್ದ ಹೆಂಡತಿ ಬರೆದಿದ್ದಳು: ‘ಮಧ್ಯಾಹ್ನಕ್ಕೇ ಮನೆಗೆ ಬಂದಿರ್ತೀನಿ. ಏನು ಬೇಡ’

ಸಿಟ್ಟು ವೃತ್ತಿಯ ಕಡೆಯಿಂದ ಬಂದದ್ದು. ಅವನು ಮುದ್ರಣಾಲಯದಲ್ಲಿ ಕರಡು ತಿದ್ದುವವ. ತಪ್ಪಿಸಿಕೊಂಡ ದೀರ್ಘಗಳನ್ನು ಕಳೆದುಹೋದ ಮಕ್ಕಳಂತೆ ಹುಡುಕಿ ತಂದು ಅಕ್ಷರಗಳ ಮಡಿಲಿಗೆ ಹಾಕುವವನಾದ್ದರಿಂದ ದೀರ್ಘಪ್ಪನೆಂಬ ಹೆಸರು ಬಿದ್ದಿತ್ತು. ನಿಜವಾದ ಹೆಸರು ಹೆತ್ತವರಿಗೂ ಮತದಾರರ ಪಟ್ಟಿಗೂ ಮಾತ್ರ ನೆನಪಿತ್ತು. ಅಂಥವನ ಹೆಂಡತಿ ‘ಏನೂ ಬೇಡ’ ಎನ್ನಬೇಕಾದಲ್ಲಿ ‘ಏನು ಬೇಡ’ ಎಂದು ಬರೆಯುವುದೆ?

ಬೆವರು ಸಂಸಾರದ ಕಡೆಯಿಂದ ಬಂದದ್ದು. ಅಂದು ಪ್ರೇಮಿಗಳ ದಿನ. ಹೋದ ವರ್ಷ ಇದೇ ದಿನ ಅವಳು ಬಾಯ್ತುಂಬ, ದೀರ್ಘಸಮೇತ, ‘ಏನೂ ಬೇಡ’ ಎಂದಿದ್ದಳು. ಇವನು ಏನೂ ತರಲಿಲ್ಲ. ಮುಂದಿನ ಹನ್ನೊಂದು ದಿನ ಆ ಮನೆಯಲ್ಲಿ ಬಾಯಿಬಿಟ್ಟದ್ದು ಕುಕ್ಕರ್ ಒಂದೇ. ಹನ್ನೆರಡನೆಯ ದಿನ ಅವಳು ಹೇಳಿದ್ದು ಒಂದೇ ಮಾತು: “ನಿಮಗೆ ಅಕ್ಷರ ಓದೋಕೆ ಬರುತ್ತೆ ಕಣ್ರೀ, ಹೆಂಡತೀನ ಓದೋಕೆ ಬರಲ್ಲ.” ಇನ್ನೊಂದು ಸಲ ಫೇಲಾದರೆ ಅಕ್ಕನ ಮನೆಗೆ ಹೋಗಿಬಿಡುವುದಾಗಿಯೂ ಸೇರಿಸಿದ್ದಳು. ಅದು ಸಾಲದೆಂಬಂತೆ, ಈ ವಾರವಿಡೀ ಅವಳು ಏನು ಹೇಳಿದರೂ ಇವನು ಕರಡಿನಿಂದ ತಲೆಯೆತ್ತದೆ ‘ಹೂಂ’ ಎಂದಿದ್ದ. ಯಾವುದಕ್ಕೆ ಹೂಂ ಎಂದೆನೆಂದು ಈಗ ಎಷ್ಟು ತಿಣುಕಿದರೂ ನೆನಪಾಗಲಿಲ್ಲ.

ಮುದ್ರಣಾಲಯದಲ್ಲಿ ಚೀಟಿ ಓದಿ ಹೇಳಿ, ಫೋನು ಮಾಡಿ ಕೇಳಿಬಿಡಲೇ ಎಂದ. ಪುಸ್ತಕ ಹೊಲಿಯುತ್ತಿದ್ದ ಬೈಂಡಿಂಗ್ ಅಕ್ಕ ಬಾಯಲ್ಲಿದ್ದ ದಾರ ತೆಗೆಯದೆಯೇ ತಡೆದಳು. “ಖೇಲ್ಬೇಲಿ,” ಎಂದಳು. ದಾರ ತೆಗೆದ ಮೇಲೆ ಅದು ‘ಕೇಳ್ಬೇಡಿ’ ಎಂದಾಯಿತು. “ಕೇಳಿ ತಂದ್ರೆ ಅದು ಸಾಮಾನು, ದೀರ್ಘಪ್ಪನೋರೇ. ಕೇಳದೆ ತಂದ್ರೆ ಪ್ರೀತಿ.”

ಅಷ್ಟರಲ್ಲಿ ಮೆಷಿನ್‌ನವನು ಚೀಟಿಯನ್ನು ಕಸಿದುಕೊಂಡ. ಮೂವತ್ತು ವರ್ಷ ಗಡಕ್‌ಗಡಕ್ ಸದ್ದಿನ ಪಕ್ಕದಲ್ಲೇ ಬಾಳಿದವನ ಪಿಸುಮಾತು ಎದುರು ಬೇಕರಿಗೆ ಕೇಳಿಸುತ್ತಿತ್ತು. ಹೆಂಡತಿ ಬೇಡ ಅಂದರೆ ಬೇಕು, ಏನೂ ಬೇಡ ಅಂದರೆ ಎಲ್ಲವೂ ಬೇಕು, ದೀರ್ಘ ಕಿತ್ತು ಬಿಸಾಕಿದ್ದಾಳೆ ಅಂದರೆ ಸಿಟ್ಟು ನೆತ್ತಿಗೇರಿದೆ ಎಂದು ಅವನು ಬೀದಿಗೆಲ್ಲ ಗುಟ್ಟಾಗಿ ತಿಳಿಸಿದ.

ಕೊನೆಗೆ ಮ್ಯಾನೇಜರು ಬಂದರು. ಅವರಿಗೆ ಮದುವೆಯಾಗಿಲ್ಲವಾದ್ದರಿಂದ ದಾಂಪತ್ಯದ ವಿಷಯದಲ್ಲಿ ಅಪಾರ ಜ್ಞಾನ. ಈಜಲು ಬಾರದವರೇ ಅಲ್ಲವೆ, ದಡದಲ್ಲಿ ನಿಂತು ಕೈ ಹೀಗೆ ಬೀಸು, ಕಾಲು ಹಾಗೆ ಬಡಿ ಎನ್ನುವುದು! “ಪ್ರೀತಿ ಎಂಟು ಪಾಯಿಂಟಿನ ಸಣ್ಣಕ್ಷರದಲ್ಲಿ ಇರಬಾರದು ನೋಡಿ,” ಎಂದರು. “ಪೋಸ್ಟರ್ ಸೈಜಲ್ಲಿರಬೇಕು. ಗುಲಾಬಿ, ಕೇಕು, ಬಲೂನು. ಮೂರೂ.”

ಈ ಗದ್ದಲದ ನಡುವೆಯೇ ಬೇಕರಿಯವನ ಪೋಸ್ಟರಿನ ಕರಡು ಬಂದಿತ್ತು. ದೀರ್ಘವೇ ಕಣ್ಣಲ್ಲಿ ತುಂಬಿಕೊಂಡಿದ್ದ ದೀರ್ಘಪ್ಪ ಅದರ ಮೇಲೆ ‘ಸರಿಯಿದೆ’ ಎಂದು ಸಹಿ ಹಾಕಿ ಕಳಿಸಿದ.

ಊಟದ ಹೊತ್ತಿಗೆ, ಡಬ್ಬಿ ಬಿಚ್ಚದೆ, ಬೇಕರಿಗೆ ಓಡಿದ. ಅಲ್ಲಿ ಗಂಡಸರ ಉದ್ದ ಸಾಲು. ಎಲ್ಲರದೂ ಹಲ್ಲು ಕೀಳಿಸಿಕೊಳ್ಳಲು ಬಂದವರ ಮುಖ. ಬಾಗಿಲಲ್ಲಿ ಆಗಷ್ಟೇ ಅಂಟಿಸಿದ ಪೋಸ್ಟರು ಕೆಂಪಕ್ಷರದಲ್ಲಿ ಕೂಗುತ್ತಿತ್ತು: ‘ಪ್ರೇಮಿಗಳ ದೀನದ ಶುಭಾಶಯಗಳು’.

ಬೇಕರಿಯವನು ಕನ್ನಡಕದ ಮೇಲಿಂದ ನೋಡಿದ. “ಇಲ್ಲದ ಕಡೆ ದೀರ್ಘ ಕೊಟ್ಟಿದ್ದೀರಲ್ಲ, ಸ್ವಾಮಿ. ಮನೇಲಿ ಬೇಕಾದ್ದನ್ನ ಇಲ್ಲಿ ತಂದು ಹಾಕಿದ್ರಾ?” ಪಿಸುಮಾತು ತಲುಪಿತ್ತು. ದೀರ್ಘಪ್ಪ ಗುಲಾಬಿ, ಬಲೂನು ಕೊಂಡು, ಯಾರೂ ಒಯ್ಯದೆ ಉಳಿದಿದ್ದ ಟ್ರೇ ಗಾತ್ರದ ಹೃದಯಾಕಾರದ ಕೇಕನ್ನು ಎತ್ತಿಕೊಂಡ.

ಸಂಜೆಯ ಬಸ್ಸಿನಲ್ಲಿ ಬಲೂನು ಕಂಡಕ್ಟರನ ಕೆನ್ನೆಗೆ ಮೂರು ಸಲ ಮುತ್ತಿಟ್ಟಿತು. ಗುಲಾಬಿಯ ಮುಳ್ಳು ಪಕ್ಕದವರ ಸೊಂಟ ವಿಚಾರಿಸಿತು. ಕೇಕಿನ ಹೃದಯ, ತಿರುವಿನಲ್ಲೊಮ್ಮೆ ಬ್ರೇಕು ಬಿದ್ದಾಗ, ಶಬ್ದವಿಲ್ಲದೆ ಒಡೆಯಿತು. ಎದುರುಮನೆ ಅಜ್ಜಿ ಗೇಟಿನಲ್ಲೇ ಕಾದಿದ್ದರು. “ಅವಳು ನಾಲ್ಕು ಗಂಟೆಯಿಂದ ಹೊರಗೆ ಹಾಕ್ತಾನೇ ಇದಾಳೆ ಕಣಪ್ಪಾ. ನೀನು ಒಳಗೆ ತರ್ತಾನೇ ಇದೀಯಾ.”

ಬಾಗಿಲು ತೆಗೆದರೆ ಮನೆ ‘ಓ’ ಎಂದಿತು. ಇವನ ಒರಗುಕುರ್ಚಿ ಇದ್ದಲ್ಲಿ ನೆಲದ ಮೇಲೆ ಬಿಳುಪಾದ ಚೌಕವೊಂದೇ ಉಳಿದಿತ್ತು. ಆರು ಸಂಪುಟಗಳ ನಿಘಂಟು ಇದ್ದ ಕಪಾಟಿನಲ್ಲಿ ಹಲ್ಲಿಯೊಂದು ಅಡ್ಡಾಡುತ್ತಿತ್ತು. ತಲೆಗೆ ಬಟ್ಟೆ ಸುತ್ತಿಕೊಂಡ ಹೆಂಡತಿ ಪೊರಕೆ ಕೆಳಗಿಟ್ಟಳು.

“ಹಳೇ ಸಾಮಾನಿನವನು ಬರ್ತಾನೆ ಅಂದಾಗ ಹೂಂ ಅಂದ್ರಲ್ಲ. ಏನು ಬೇಡ ಅಂತ ಚೀಟೀಲೂ ಕೇಳಿದ್ದೆ. ನಾಲ್ಕು ಗಂಟೆವರೆಗೂ ಕಾದೆ, ಒಂದು ಫೋನೂ ಬರಲಿಲ್ಲ. ನಂಗೆ ತೋಚಿದ್ದು ಕೊಟ್ಟೆ.”

“ಕೇಳಿದ್ದೆಯಾ? ಪ್ರಶ್ನಾರ್ಥಕ ಚಿಹ್ನೆ ಎಲ್ಲಿತ್ತು?” ದೀರ್ಘಪ್ಪನ ದನಿ ಹ್ರಸ್ವವಾಗಿತ್ತು.

ಅವಳು ಇವನ ಚೀಲದಿಂದ ಡಬ್ಬಿ ತೆಗೆದು ಮುಖದ ಮುಂದೆ ಹಿಡಿದಳು. ಮುಚ್ಚಳದ ಟೇಪಿನಡಿಯಲ್ಲಿ ಚೀಟಿಯ ಹರಿದ ಮೂಲೆ ಅಲ್ಲಾಡದೆ ಕೂತಿತ್ತು. ಅದರಲ್ಲಿ ಮೀನಿನ ಗಾಳದಷ್ಟು ಸ್ಪಷ್ಟವಾಗಿ ‘?’ ಇತ್ತು.

“ಹೋದ ವರ್ಷ ನಿಮ್ಮ ತಲೆ ಹೇಗಿದೆ ಅಂತ ಗೊತ್ತಾಯ್ತಲ್ಲ,” ಎಂದಳು ಅವಳು, ಗುಲಾಬಿಗಳನ್ನು ನೀರಿನ ಜಗ್ಗಿಗೆ ಇಳಿಬಿಡುತ್ತ. ದನಿಯಲ್ಲಿ ಸಿಟ್ಟೇ ಇರಲಿಲ್ಲ. “ಅದಕ್ಕೇ ಈ ವರ್ಷದಿಂದ ನಾನೂ ಬದಲಾದೆ. ಇದ್ದದ್ದನ್ನ ಇದ್ದ ಹಾಗೆ ಬರೀತೀನಿ. ನೀವು ಹೇಳಿದ್ದನ್ನೂ ಹೇಳಿದ ಹಾಗೇ ತಿಳ್ಕೋತೀನಿ. ಒಳಗೆ ಬೇರೆ ಏನಿದೆ ಅಂತ ಹುಡುಕಲ್ಲ. ಬನ್ನಿ, ಕೇಕು ಕತ್ತರಿಸ್ಲಾ? ಊಟ ಬಡಿಸ್ಲಾ?”

ದೀರ್ಘಪ್ಪನಿಗೆ ಬೆಳಗಿನಿಂದ ಹೊಟ್ಟೆಗೆ ಏನೂ ಇರಲಿಲ್ಲ. ಆದರೆ ಆರು ಸಂಪುಟಗಳ ದುಃಖ ಹಸಿವಿಗಿಂತ ದೊಡ್ಡದಾಗಿತ್ತು. ಅವಳು ಎರಡನೆಯ ಸಲ ಕೇಳಲಿ, ಮೂರನೆಯ ಸಲ ಒತ್ತಾಯ ಮಾಡಲಿ ಎಂದು ಗೋಡೆಯ ಕಡೆ ಮುಖ ತಿರುಗಿಸಿ, ತನ್ನ ವೃತ್ತಿಯಲ್ಲೇ ಅತಿ ಉದ್ದದ ದೀರ್ಘವನ್ನು ಎಳೆದ: “ನನಗೆ ಏನೂಊಊ ಬೇಡ.”

ಅವಳು ಗಮನವಿಟ್ಟು ಕೇಳಿ ತಲೆಯಾಡಿಸಿದಳು. “ಈಗ ಸರಿ ನೋಡಿ. ಎಷ್ಟು ಸ್ಪಷ್ಟ!” ಎಂದು ಕೇಕನ್ನೂ ಡಬ್ಬಿಯನ್ನೂ ಎತ್ತಿಕೊಂಡು ಎದುರುಮನೆಗೆ ಹೋದಳು.

ಸ್ವಲ್ಪ ಹೊತ್ತಿನಲ್ಲೇ ಆ ಕಡೆಯಿಂದ ಚಮಚದ ಸದ್ದು, ಇಬ್ಬರ ನಗು ತೇಲಿಬಂತು. ಕುರ್ಚಿಯಿಲ್ಲದ ಚೌಕದ ಮೇಲೆ ಬಲೂನು ಹಿಡಿದು ಕೂತಿದ್ದ ದೀರ್ಘಪ್ಪ, ಬಹಳ ಯೋಚಿಸಿ, ಬೇಕರಿಯ ಪೋಸ್ಟರಿನಲ್ಲಿ ತಿದ್ದುವಂಥದ್ದು ಏನೂ ಇಲ್ಲವೆಂದು ತೀರ್ಮಾನಿಸಿದ.